ಎಂಬಿಎ ಅರ್ಜಿ ಶುರುವಾಗುವುದು ಇಲ್ಲಿಂದಲೇ



ಬಿಇ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಎಂಬಿಎಗೆ ಒಮ್ಮೆ ಅರ್ಜಿ ಹಾಕಿ, ಸೀಟು ಸಿಗದೆ ಬಂದವನು. ಅದರಿಂದ ಕಲಿತ ಎರಡು ಮಾತು ಹೇಳುತ್ತೇನೆ.

ಐಐಎಂ ಸೇರಲು ಕ್ಯಾಟ್ ಪರೀಕ್ಷೆ ಬರೆಯಬೇಕು. ಇಂಗ್ಲಿಷ್, ತರ್ಕ, ಗಣಿತ ಎಂದು ಮೂರು ಭಾಗ. ಒಂದೊಂದಕ್ಕೆ 40 ನಿಮಿಷ. ಆದರೆ ಅದೊಂದೇ ಸಾಲದು. ಬೆಂಗಳೂರಿನ ಐಐಎಂ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕ್ಯಾಟ್ ಪ್ರತಿವರ್ಷ ಬರುತ್ತದೆ, ಮತ್ತೆ ಬರೆಯಬಹುದು. ಎಸ್ಸೆಸ್ಸೆಲ್ಸಿ ಅಂಕವನ್ನು ನನ್ನ ವಯಸ್ಸಿನಲ್ಲಿ ತಿದ್ದಲಾಗದು. ಮಕ್ಕಳೇ, ನಿಮ್ಮ ಅರ್ಜಿಯ ಮೊದಲ ಸಾಲನ್ನು ಈ ಕೊಠಡಿಗಳಲ್ಲೇ ಬರೆಯುತ್ತಿದ್ದೀರಿ.

ಎರಡನೆಯದು. ಸಂದರ್ಶನದಲ್ಲಿ, “ಕೆಲಸದಲ್ಲಿ ನೀವೇ ತೆಗೆದುಕೊಂಡ ಒಂದು ನಿರ್ಧಾರ ಹೇಳಿ” ಎಂದರು. ಹೇಳಿದ್ದನ್ನೆಲ್ಲ ಮಾಡಿದ್ದೆ; ನಾನಾಗಿ ನಿರ್ಧರಿಸಿದ್ದು ಒಂದೂ ಇರಲಿಲ್ಲ. ಕೈಯಲ್ಲಿದ್ದ ಸರ್ಟಿಫಿಕೇಟುಗಳ ಕಟ್ಟು ಉಪಯೋಗಕ್ಕೆ ಬರಲಿಲ್ಲ. ಮರಳಿದ ಮೇಲೆ, ಹೊಸಬರಿಗೆ ಕೆಲಸ ಕಲಿಸುವ ಹೊಣೆಯನ್ನು ಕೇಳಿ ಪಡೆದೆ. ಕೆಲಸ ತಡವಾದರೆ ಗ್ರಾಹಕರಿಗೆ ಉತ್ತರ ಹೇಳುವುದನ್ನೂ ನಾನೇ ವಹಿಸಿಕೊಂಡೆ. ಮುಂದಿನ ಅರ್ಜಿಯಲ್ಲಿ ಬರೆಯಲು ಈಗ ನನ್ನದೇ ಅನುಭವವಿದೆ. ಸೀಟು ಸಿಗಲಿ ಬಿಡಲಿ, ನನ್ನ ಕೆಲಸವಂತೂ ಸುಧಾರಿಸಿದೆ.

ಗುರುಗಳಲ್ಲಿ ಒಂದು ಕೋರಿಕೆ. ಶಾಲಾ ವಾರ್ಷಿಕೋತ್ಸವದ ಒಂದಿಷ್ಟು ಹೊಣೆಯನ್ನು, ಖರ್ಚಿನ ಲೆಕ್ಕದ ಸಮೇತ, ಮಕ್ಕಳಿಗೇ ಒಪ್ಪಿಸಿ. ತಪ್ಪಿದರೆ ತಿದ್ದಿಕೊಳ್ಳಲಿ. ನಾನು ಮೂವತ್ತು ದಾಟಿದ ಮೇಲೆ ಕಲಿತದ್ದನ್ನು ಅವರು ಹದಿನೈದಕ್ಕೇ ಕಲಿತಾರು.

ಸುವರ್ಣ ಮಹೋತ್ಸವದ ಶುಭಾಶಯಗಳು.