ವರ್ಷದ ಮೊದಲ ಪುಟ

ಜನವರಿ ಒಂದರ ಬೆಳಗ್ಗೆ ನನಗೆ ಕಾಫಿಗೂ ಮುಂಚೆ ಒಂದು ಕೆಲಸವಿರುತ್ತದೆ. ಕಪಾಟಿನ ಮುಂದೆ ನಿಂತು ವರ್ಷದ ಮೊದಲ ಪುಸ್ತಕ ಆರಿಸುವುದು. ಮೊದಲೆಲ್ಲ ಆಗಷ್ಟೇ ಕೊಂಡುತಂದ ಹೊಸದನ್ನೇ ತೆಗೆಯುತ್ತಿದ್ದೆ. ಈಚೆಗೆ ಕೈ ತಾನಾಗಿ ಹಳೆಯದರ ಕಡೆ ಹೋಗುತ್ತದೆ.

ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಅದಾಗಿ ಮೂರೇ ದಿನಕ್ಕೆ ಹೊಸ ವರ್ಷ. ಹಾಗಾಗಿ ಈ ಸಲ ಅವರ ‘ಮಲೆಗಳಲ್ಲಿ ಮದುಮಗಳು’ ಇಳಿಸಿಕೊಂಡೆ. 1967ರಲ್ಲಿ ಬಂದ ಕಾದಂಬರಿ. ನಮ್ಮ ಮನೆಯ ಪ್ರತಿ ಅಪ್ಪನದು. ಬೆನ್ನು ಕಿತ್ತುಬಂದಿದೆ, ಒಣಗಿದ ಅಂಟು ಪುಡಿಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಕಾದಂಬರಿಯ ಆಳು ಗುತ್ತಿಯ ನಾಯಿ ಹುಲಿಯನ ಮಾತು ಬರುವ ಒಂದು ಕಡೆ ಅಪ್ಪ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದಾರೆ. ಯಾಕೆ ಎಳೆದರೋ, ಕೇಳೋಣವೆಂದರೆ ಅವರಿಲ್ಲ. ಆ ಗೆರೆಯ ಹತ್ತಿರ ಬಂದಾಗಲೆಲ್ಲ ನನ್ನ ಓದು ನಿಧಾನವಾಗುತ್ತದೆ.

ದಪ್ಪ ಪುಸ್ತಕ. ಯುಗಾದಿಗೆ ಮುಗಿದರೂ ಸಾಕು. ವರ್ಷದ ಮೊದಲ ಓದು ಹೀಗೆ ನಮ್ಮ ಧಾವಂತಕ್ಕೆ ಜಗ್ಗದಂತಿರಬೇಕು ಎಂದು ನನಗೆ ನಿಜಕ್ಕೂ ಅನ್ನಿಸುತ್ತದೆ. ಒಡೆಯರ ಮನೆಗಳಿಗೆ ಕೊಟ್ಟಷ್ಟೇ ಜಾಗವನ್ನು ಕುವೆಂಪು ಇಲ್ಲಿ ಆಳುಗಳಾದ ಗುತ್ತಿಗೂ ತಿಮ್ಮಿಗೂ, ಐತ–ಪೀಂಚಲುವಿಗೂ ಕೊಟ್ಟಿದ್ದಾರೆ. ಅವಸರದಲ್ಲಿ ಓದಿದರೆ ಆ ಜೀವಗಳು ಕೈಗೆ ಸಿಗುವುದಿಲ್ಲ.

ನಿನ್ನೆ ಮಗಳು ಪಕ್ಕದಲ್ಲಿ ಕೂತು, “ಹುಲಿಯ ಅಂದ್ರೆ ಹುಲೀನಾ?” ಅಂತ ಕೇಳಿದಳು. ಅವಳಿಗಾಗಿ ಮತ್ತೆ ಮೊದಲನೇ ಪುಟಕ್ಕೆ ತಿರುಗಿಸಿದೆ.