ಪೂರ್ಣಯ್ಯನ ನಾಲೆಯ ಮಗ್ಗುಲ ಮಾರುಕಟ್ಟೆ

ಮೇಲುಕೋಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾದರೆ ಹೂವು, ವೀಳ್ಯದೆಲೆ, ಬಾಳೆಹಣ್ಣಿಗೆಂದು ಮೈಸೂರಿನ ‘ಮಾರ್ಕೆಟ್ಟಿ’ಗೆ ಹೋಗಿಬರುವವರಿದ್ದಾರೆ. ಯಾವ ಮಾರ್ಕೆಟ್ಟು ಎಂದು ಯಾರೂ ಕೇಳುವುದಿಲ್ಲ. ಅದು ದೇವರಾಜ ಮಾರುಕಟ್ಟೆ.

ಅದರ ಕಥೆಯ ಬುಡ ಮಾತ್ರ ಶ್ರೀರಂಗಪಟ್ಟಣದಲ್ಲಿದೆ. ಟಿಪ್ಪುವಿನ ಕಾಲದಲ್ಲಿ ಆ ದ್ವೀಪದ ಗಂಜಾಂ ತುಂಬಿದ ಪೇಟೆ. 1799ರಲ್ಲಿ ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಸರಿಯಿತು, ವ್ಯಾಪಾರವೂ ಅದರ ಬೆನ್ನು ಹಿಡಿಯಿತು. ಹೊಸ ರಾಜಧಾನಿಗೆ ನೀರಿನದೇ ತಾಪತ್ರಯ. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ತರಲು ನಾಲೆ ತೋಡಿಸಿದರು. ನೀರು ಬರಲಿಲ್ಲ, ತೋಡು ಊರ ಕೊಚ್ಚೆಗೆ ದಾರಿಯಾಯಿತು. ಮುಂದೆ ಅದನ್ನು ಮುಚ್ಚಿದ ಜಾಡಿನಲ್ಲೇ ಸಯ್ಯಾಜಿರಾವ್ ರಸ್ತೆ ಹರಿಯಿತು, ಅದರ ಮಗ್ಗುಲಲ್ಲಿ ಮಾರುಕಟ್ಟೆ ಎದ್ದಿತು.

ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1886ರ ಸುಮಾರಿಗೆ ಶುರುವಾದದ್ದು ಎನ್ನುವುದು ವಾಡಿಕೆ. ಆದರೆ ಇದು ಒಂದೇ ಏಟಿಗೆ ಕಟ್ಟಿದ ಕಟ್ಟಡವಲ್ಲ, ಹಂತ ಹಂತವಾಗಿ ಬೆಳೆದದ್ದು. ಅರಮನೆಯಂತೆ ಕಣ್ಣು ಕೋರೈಸುವ ಗೋಪುರ ಇಲ್ಲಿಲ್ಲ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ. ರಸ್ತೆಗೆ ಮುಖ ಮಾಡಿದ ಅಂಗಡಿಸಾಲೇ ಗೋಡೆ. ಒಳಗೆ ಉದ್ದುದ್ದ ಓಣಿಗಳು, ಕುಂಕುಮದ ಗುಡ್ಡೆಗಳು, ಮಲ್ಲಿಗೆಯ ಮಾಲೆಗಳು, ನಂಜನಗೂಡು ರಸಬಾಳೆ. ಎಂಟುನೂರರಷ್ಟು ಅಂಗಡಿಗಳಿಗೆ ನೆರಳು ಕೊಟ್ಟ ವಿನ್ಯಾಸ ಇಷ್ಟು ಸರಳ. ಅದೇ ಇದರ ಜಾಣತನ.

ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಚಿಕ್ಕ ಗಡಿಯಾರ. ವೈಸರಾಯ್ ಡಫರಿನ್ ಭೇಟಿಯ ನೆನಪಿನ ಗೋಪುರ ಅದು. ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರದು, ಇನ್ನೊಬ್ಬ ವೈಸರಾಯ್ ಬಂದುಹೋದ ಗುರುತು. ಬಿಳಿ ದೊರೆಗಳಿಗೆ ಸ್ಮಾರಕ ಕಟ್ಟುತ್ತ ಮೈಸೂರು ಬಾಡಿಗೆಗೆ ಕೊಡಲು ಮಳಿಗೆಗಳನ್ನೂ ಪಡೆಯಿತು!

ನಾಲೆಯಲ್ಲಿ ಬಾರದ ನೀರು ಕೊನೆಗೆ ಮೇಲಿನಿಂದ ಬಂತು. ಗಾರೆಯ ಕಟ್ಟಡಕ್ಕೆ ಸೋರುವ ಮಾಳಿಗೆಗಿಂತ ದೊಡ್ಡ ವೈರಿಯಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಬಿತ್ತು. ಕೆಡವಿ ಕಟ್ಟಬೇಕೆಂದವರೊಂದು ಕಡೆ, ಇದ್ದದ್ದನ್ನೇ ಗಟ್ಟಿ ಮಾಡಬಹುದೆಂದ ಪರಂಪರೆ ತಜ್ಞರೊಂದು ಕಡೆ. ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಅಷ್ಟರ ನಡುವೆಯೂ ಒಳಗಿನ ಓಣಿಯಲ್ಲಿ ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಗೆ ದಂಡೆ ಹಿಡಿದು ಅಳೆಯುತ್ತಾಳೆ, ಗಿರಾಕಿ ಇನ್ನೊಂದು ಗೇಣಿಗೆ ಚೌಕಾಸಿ ಮಾಡುತ್ತಾನೆ.