ಅಕ್ಷರ ತಡವರಿಸುವ ಡಾಕ್ಟರು, ನರ್ಸಮ್ಮ

(ಬಾಡದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ತೆರಿಗೆಯ ಮಾತು ಬಿಟ್ಟು ಇವನೇಕೆ ಆಸ್ಪತ್ರೆಯ ಮಾತು ತೆಗೆದ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಜೀವಕ್ಕೆ ಕುತ್ತು ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡುವವರೇ ಹೆಚ್ಚು. ದೊಡ್ಡಾಸ್ಪತ್ರೆ ಬೇಕೆಂದು 2022ರಲ್ಲಿ ಊರೂರಲ್ಲಿ ಕೂಗೆದ್ದಿತು. ನ್ಯಾಯವಾದ ಕೂಗೇ. ಆದರೆ ಕಟ್ಟಡ ರೋಗಿಯನ್ನು ನೋಡುವುದಿಲ್ಲ, ನೋಡುವವರು ಮನುಷ್ಯರು. ಅವರಲ್ಲಿ ಕೆಲವರ ಕಷ್ಟವನ್ನು ಇಂದು ಹೇಳುತ್ತೇನೆ.

ಡಿಸ್ಲೆಕ್ಸಿಯಾ ಎಂಬುದೊಂದಿದೆ. ಕಣ್ಣಿಗೆ ದೋಷವಿಲ್ಲ, ಬುದ್ಧಿಗೆ ಮಂಕಿಲ್ಲ. ಆದರೂ ಅಕ್ಷರಕ್ಕೂ ಅದರ ಉಚ್ಚಾರಕ್ಕೂ ಗಂಟು ಬೀಳುವುದು ತಡ. ದೊಡ್ಡವರಾದ ಮೇಲೂ ಅದು ಉಳಿಯುತ್ತದೆ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು: ಹುಡುಗ ಚುರುಕು, ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಶಾಲೆಗೇ ಇವನು ಜಾಣ ಎಂದು ಅವನ ಮೇಷ್ಟರು ಹೇಳಿದ್ದರಂತೆ. ನಾನೂ ಮೇಷ್ಟರಾಗಿದ್ದವನು. ಒತ್ತಕ್ಷರದಲ್ಲಿ ಎಡವುವ ಹುಡುಗ ಮೀನಿನ ಬುಟ್ಟಿಯ ಲೆಕ್ಕವನ್ನು ಬಾಯಲ್ಲೇ ಹೇಳುವುದನ್ನು ಕರಾವಳಿಯ ಯಾವ ಮೇಷ್ಟರು ಕಂಡಿಲ್ಲ? ಊರು ಅವನಿಗೆ ಇಡುವ ಹೆಸರು ಮಾತ್ರ ಒಂದೇ: ದಡ್ಡ.

ಅಂಥವರಲ್ಲೂ ಕೆಲವರು ಇಮ್ಮಡಿ ದುಡಿದು ಡಾಕ್ಟರಾಗುತ್ತಾರೆ, ನರ್ಸಾಗುತ್ತಾರೆ. ವಾರ್ಡಿನಲ್ಲಿ ಏನು ಕಾದಿರುತ್ತದೆ? ಗೀಚಿದ ಚೀಟಿ. ಪಾಳಿ ಮುಗಿಯುವುದರೊಳಗೆ ತುಂಬಬೇಕಾದ ರಿಜಿಸ್ಟರು. ಒಂದರಂತೆ ಒಂದು ಕಾಣುವ ಔಷಧದ ಹೆಸರು. ಹೈಡ್ರಾಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಇಂಗ್ಲಿಷಿನಲ್ಲಿ ಬರೆದಾಗ ಚೆನ್ನಾಗಿ ಓದುವವರ ಕಣ್ಣೂ ತಪ್ಪೀತು.

ಹಾಗಾದರೆ ಇಂಥವರ ಕೈಗೆ ನಮ್ಮ ಜೀವ ಕೊಡುವುದೇ ಎನ್ನುವಿರಿ. ಕೇಳಬೇಕಾದ ಪ್ರಶ್ನೆಯೇ. ತನಗೆ ಓದು ತಡವೆಂದು ಬಲ್ಲವಳು ಎರಡು ಸಲ ನೋಡಬಲ್ಲಳು, ಪಕ್ಕದವಳನ್ನು ಕೇಳಬಲ್ಲಳು. ಕೇಳಿದರೆ ನಗೆ, ಬೈಗುಳ, ಕೆಲಸಕ್ಕೆ ಸಂಚಕಾರ ಎಂದಾದಾಗ ಬಾಯಿ ಮುಚ್ಚಿಕೊಂಡು ಅಂದಾಜಿನಲ್ಲಿ ನಡೆಯುತ್ತಾಳೆ. ಅಪಾಯ ಇರುವುದು ಅಲ್ಲಿ. ಯಂತ್ರದ ಸದ್ದು ಬದಲಾಯಿತೆಂದು ಹೇಳಲು ಹೆದರುವ ಮಿಲ್ಲಿನಲ್ಲಿ ಕೈ ಹೋಗುವುದು ಯಾರದೆಂದು ನಿಮಗೆ ನಾನು ಹೇಳಬೇಕೇ?

ಬೇಕಾದದ್ದು ಬಹಳವಿಲ್ಲ. ಚೀಟಿಯನ್ನು ಓದಲು ಬರುವಂತೆ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತು. ಬಾಯಲ್ಲಿ ಹೇಳಿದ ಆದೇಶವನ್ನು ಕೇಳಿದವರು ತಿರುಗಿ ಹೇಳಲಿ. ಬರೆಯಲು ಗದ್ದಲವಿಲ್ಲದ ಮೂಲೆ, ಹತ್ತು ನಿಮಿಷ ಹೆಚ್ಚು ಹೊತ್ತು, ಆದರೆ ಓದಿ ಹೇಳುವ ಒಂದು ಕಂಪ್ಯೂಟರು. ಒಂದೇ ತರದ ಹೆಸರಿನ ಔಷಧಗಳಿಗೆ ಬೇರೆ ಬೇರೆ ಕಪಾಟು. ನಮ್ಮ ಕಿರಾಣಿ ಅಂಗಡಿಯವರು ಇಲಿಪಾಷಾಣವನ್ನು ಸಕ್ಕರೆಯ ಪಕ್ಕ ಇಡುತ್ತಾರೆಯೇ?

ಕಾನೂನೂ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದರ ಹೆಸರಿರಲಿಲ್ಲ. 2016ರ ಕಾಯ್ದೆ ಇದನ್ನು 21 ಬಗೆಗಳಲ್ಲಿ ಸೇರಿಸಿತು. ಅದರ 20ನೆಯ ಕಲಮಿನಂತೆ ಸರ್ಕಾರಿ ಸಂಸ್ಥೆ ಅಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. 21ನೆಯ ಕಲಮಿನಂತೆ ಖಾಸಗಿ ಆಸ್ಪತ್ರೆಯೂ ಸಮಾನ ಅವಕಾಶದ ತನ್ನ ನೀತಿಯನ್ನು ಪ್ರಕಟಿಸಬೇಕು. ಆದರೆ ಗುತ್ತಿಗೆಯ ನರ್ಸಮ್ಮ ಬಾಯಿ ಬಿಟ್ಟರೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ! ಅವಳ ಪರವಾಗಿ ಬಾಯಿ ಬಿಡಬೇಕಾದವರು ನಾವು.

ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದರೆ ದೊಡ್ಡಕ್ಷರದ ಚೀಟಿಯ ಮಾತನ್ನು ಮೊದಲು ಎತ್ತಿರಿ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ.